ಅನ್ನದ ಹಂಡೆಗೊಂದು ಬಿರಡೆ

ಚಿಕ್ಕಬಳ್ಳಾಪುರದ ಹೊರವಲಯದ ಒಂದು ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿ ನಾನು ಹನ್ನೊಂದು ವರ್ಷ ಅಡುಗೆಮನೆಯ ಮೇಲ್ವಿಚಾರಕಿಯಾಗಿದ್ದೆ. ಇರಲು ಉಗ್ರಾಣದ ಪಕ್ಕದ ಕೋಣೆ ಕೊಟ್ಟಿದ್ದರು. ಗೋಡೆಯ ಆ ಕಡೆ ಅಕ್ಕಿ, ಬೇಳೆ, ಒಣಮೆಣಸಿನಕಾಯಿಯ ಮೂಟೆಗಳು. ಈ ಕಡೆ ನಾನು. ಮದುವೆಯಾಗಿರಲಿಲ್ಲ. ಮೂವತ್ತು ದಾಟುವವರೆಗೆ ಮನೆಯಲ್ಲಿ ಗಂಡು ನೋಡಿದರು. ಆಮೇಲೆ ಅಪ್ಪ ತೀರಿಕೊಂಡರು, ಅವರ ಹಿಂದೆಯೇ ಅಮ್ಮ. ಬೇಡವೆಂದು ಯಾರೂ ಹೇಳಲಿಲ್ಲ. ಆ ಮಾತು ಎತ್ತುವವರೇ ಇಲ್ಲದೆ ಹೋಯಿತು, ಅಷ್ಟೆ.

ಅಡುಗೆಮನೆಯ ಹಿಂದೆ ತಗಡಿನ ಶೆಡ್ಡಿನಲ್ಲಿ ಹಬೆಯ ಬಾಯ್ಲರೊಂದಿತ್ತು. ಹಾಸ್ಟೆಲು ಶುರುವಾದ ಕಾಲದ್ದು, ಸೌದೆ ಹಾಕಿ ಉರಿಸುವಂಥದ್ದು. ಅಲ್ಲಿಂದ ಕಬ್ಬಿಣದ ಕೊಳವೆಗಳು ಗೋಡೆ ತೂರಿ ಬಂದು ಒಳಗಿನ ಮೂರು ಪಾತ್ರೆಗಳಿಗೆ ಸೇರುತ್ತಿದ್ದವು: ಅನ್ನದ ಹಂಡೆ, ಸಾರಿನ ಹಂಡೆ, ಇಡ್ಲಿ ಪೆಟ್ಟಿಗೆ. ಒಂದೊಂದು ಪಾತ್ರೆಯ ಬುಡದಲ್ಲೂ ಹಬೆ ಬಿಡುವುದಕ್ಕೆ, ನಿಲ್ಲಿಸುವುದಕ್ಕೆ ಹಿತ್ತಾಳೆಯ ಕಾಕ್. ಅದರ ಹಿಡಿ ತಿರುಗಿಸಿದರೆ ಮುನ್ನೂರು ಮಕ್ಕಳ ಅನ್ನ ಮುಕ್ಕಾಲು ಗಂಟೆಯಲ್ಲಿ ಬೇಯುತ್ತಿತ್ತು.

ಎರಡು ಸಾವಿರದ ಮೂರೋ ನಾಲ್ಕೋ ಇಸವಿ ಇರಬೇಕು, ಅನ್ನದ ಹಂಡೆಯ ಕಾಕ್ ಕೆಟ್ಟಿತು. ಹಿಡಿ ಮುಚ್ಚಿದರೂ ಹಬೆ ನಿಲ್ಲುತ್ತಿರಲಿಲ್ಲ. ನಮ್ಮ ಅಡುಗೆಯವರು ಪಕ್ಕದ ಕಳವಾರ ಎಂಬ ಹಳ್ಳಿಯ ಹೆಂಗಸು, ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ದೊಡ್ಡವರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು, ನಾನೂ ಹಾಗೇ ಕರೆಯುತ್ತಿದ್ದೆ. ಒಂದು ಬೆಳಿಗ್ಗೆ ಅವರು ಮುಂಗೈ ಮೇಲೆ ಎದ್ದ ಬೊಬ್ಬೆ ತೋರಿಸಿದರು.

"ನೋಡಮ್ಮ, ಇದು ನನ್ ಮಾತು ಕೇಳ್ತಾ ಇಲ್ಲ. ಮುಚ್ಚಿದ್ರೂ ಬುಸ್ ಅಂತೈತೆ. ಗೋಣೀಚೀಲ ನೆನೆಸಿ ಸುತ್ತಿದೀನಿ. ಎಷ್ಟು ದಿನ ಅಂತ ಸುತ್ತಲಿ?"

ಆಫೀಸಿನಲ್ಲಿ ಹೇಳಿದೆ. "ನೀವೇ ಎಲ್ಲಾದ್ರೂ ನೋಡಿ ತನ್ನಿ ಮೇಡಂ, ನಮಗೇನು ಗೊತ್ತಾಗುತ್ತೆ ಅದು" ಎಂದರು. ಬಾಯ್ಲರಿಗೆ ಹೊಡೆದಿದ್ದ ತಗಡಿನ ಮೇಲೆ ಬೆಂಗಳೂರಿನ ಕಂಪನಿಯ ವಿಳಾಸವಿತ್ತು. ಕಾಗದ ಬರೆದೆ. ಇಪ್ಪತ್ತು ದಿನದ ಮೇಲೆ ಅದೇ ಲಕೋಟೆ ವಾಪಸು ಬಂತು, ವಿಳಾಸದಾರರು ಇಲ್ಲ ಎಂಬ ಷರಾದೊಂದಿಗೆ. ಚಿಕ್ಕಬಳ್ಳಾಪುರದ ಹಾರ್ಡ್‌ವೇರ್ ಅಂಗಡಿಯಿಂದ ಹೊಸ ಕಾಕೊಂದನ್ನು ತಂದು ಹಾಕಿಸಿದೆವು. ಅದು ನೀರಿಗೆ ಮಾಡಿದ್ದಂತೆ; ನಾಲ್ಕನೇ ದಿನಕ್ಕೆ ಹಬೆಯ ಕಾವು ತಾಳದೆ ಸೋರತೊಡಗಿತು. ಹಳೆಯದನ್ನೇ ಮತ್ತೆ ಕೂರಿಸಿ ಮತ್ತೆ ಗೋಣೀಚೀಲ ಸುತ್ತಿದೆವು.

ಹುಡುಕಾಟ ಶುರುವಾಗಿದ್ದು ಹೀಗೆ. ಭಾನುವಾರ ಮಧ್ಯಾಹ್ನದ ಊಟ ದೊಡ್ಡಮ್ಮನಿಗೆ ಒಪ್ಪಿಸಿ, ಇಡ್ಲಿ ಪೆಟ್ಟಿಗೆಗೆ ಬೇರೆ ಏರ್ಪಾಟು ಮಾಡಿ, ಅನ್ನದ ಹಂಡೆಯದೇ ಅಳತೆಯ ಅದರ ಕಾಕನ್ನು ಬಿಚ್ಚಿಸಿ ಮಾದರಿಗೆಂದು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಿದ್ದೆ. ಮೊದಲು ಹೋದದ್ದು ಗೌರಿಬಿದನೂರಿಗೆ. ಅಲ್ಲಿ ಒಂದು ಕಲ್ಯಾಣ ಮಂಟಪದವರು ಇದೇ ತರಹದ ಬಾಯ್ಲರನ್ನು ಗುಜರಿಗೆ ಹಾಕಿದ್ದಾರೆಂದು ಸೌದೆ ತರುವವನು ಹೇಳಿದ್ದ. ಬಸ್ಸು ಮಂಚೇನಹಳ್ಳಿ ಮೇಲಾಗಿ ಕುಲುಕಾಡುತ್ತ ಹೋಯಿತು. ಗುಜರಿಯವನು ನಾನು ಕೈಯಲ್ಲಿ ಹಿಡಿದದ್ದನ್ನು ನೋಡಿದ ಕೂಡಲೇ ನಾಲಿಗೆ ಕಚ್ಚಿಕೊಂಡ.

"ಅಯ್ಯೋ ಮೇಡಂ, ಥೇಟು ಇಂಥವೇ ಮೂರು ಇದ್ವು. ಗುರುವಾರ ಬಂದಿದ್ರೆ ಸಿಗ್ತಿತ್ತು. ಹಿತ್ತಾಳೆ ಎಲ್ಲಾ ಕರಗಿಸೋಕೆ ಹೋಯ್ತು."

ಹಿತ್ತಲಿನಲ್ಲಿ ಆ ಬಾಯ್ಲರಿನ ಉದರ ಎರಡು ಹೋಳಾಗಿ ಬಿದ್ದಿತ್ತು. ಒಳಗೆ ಸುಣ್ಣದಂಥ ಬಿಳಿ ಚಕ್ಕೆ ಹಿಡಿದಿತ್ತು. ಎಷ್ಟು ಮದುವೆಯ ಅನ್ನ ಬೇಯಿಸಿತ್ತೋ! ಬಸ್‌ಸ್ಟ್ಯಾಂಡಿನ ಕಲ್ಲುಬೆಂಚಿನ ಮೇಲೆ ಕೂತು ತಂದಿದ್ದ ಚಿತ್ರಾನ್ನ ತಿಂದೆ. ಪಕ್ಕದಲ್ಲಿ ಒಂದು ದೊಡ್ಡ ಸಂಸಾರ ಕೂತಿತ್ತು. ಅವರ ಅಜ್ಜಿ "ಒಬ್ರೇನಾ?" ಎಂದು ಕೇಳಿದರು. "ಹೂಂ, ಕೆಲಸದ ಮೇಲೆ ಬಂದಿದ್ದೆ" ಎಂದೆ. ಹಾಗೆ ಹೇಳುವುದಕ್ಕೊಂದು ಕೆಲಸ ಇತ್ತಲ್ಲ ಎಂದು ಒಳಗೊಳಗೇ ಸಮಾಧಾನವಾಯಿತು.

ಮುಂದಿನ ವಾರ ಚಿಂತಾಮಣಿ. ಹೋಟೆಲು ಸಾಮಾನು ಮಾರುವ ಅಂಗಡಿಯ ಯಜಮಾನರು ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಮಾತಾಡುವವರು. ಕಾಕನ್ನು ಅಂಗೈಯಲ್ಲಿ ತೂಗಿ ನೋಡಿ ನಕ್ಕರು.

"ಇದಿ ಯಾವ ಕಾಲದ್ದಮ್ಮ? ಈಗ ಎಕ್ಕಡ ಸಿಗುತ್ತೆ ಇಂಥಾದ್ದು? ಎಲ್ಲಾ ತೆಗೆದು ಗ್ಯಾಸಿಂದು ಹಾಕ್ಸಿಬಿಡಿ."

"ಹಾಕ್ಸೋದು ನನ್ ಕೈಲಿಲ್ಲ. ಇದು ಸಿಕ್ಕಿದ್ರೆ ಸಾಕು."

ಅವರು ಅದನ್ನು ವಾಪಸು ಕೊಡುವವರು ಹಾಗೇ ತಡೆದರು. "ಶಿಡ್ಲಘಟ್ಟದಲ್ಲಿ ನೋಡಿದ್ರಾ? ಅಲ್ಲಿ ರೇಷ್ಮೆ ಬಿಚ್ಚೋರೆಲ್ಲಾ ಹಬೆ ಮೇಲೇ ಅಲ್ವಾ ಬದುಕೋದು? ಅವರ ಬಾಯ್ಲರ್ ರಿಪೇರಿ ಮಾಡೋರು ಇದನ್ನ ಮಾಡ್ತಾರೆ. ಪೋಯಿ ಅಡಗಂಡಿ, ಹೋಗಿ ಕೇಳಿ."

ನನಗೆ ನಾಚಿಕೆಯಾಯಿತು. ನಾನು ಹುಟ್ಟಿ ಬೆಳೆದದ್ದು ಶಿಡ್ಲಘಟ್ಟದಿಂದ ಮುಂದಿನ ಜಂಗಮಕೋಟೆಯಲ್ಲಿ, ರೇಷ್ಮೆ ಹುಳ ಸಾಕುವ ಮನೆಯಲ್ಲಿ. ಆದರೆ ಗೂಡು ಚೀಲಕ್ಕೆ ತುಂಬಿ ಅಪ್ಪನೋ ಅಣ್ಣನೋ ಮಾರ್ಕೆಟ್ಟಿಗೆ ಹೊರಟ ಮೇಲೆ ಅದರ ಗತಿ ಏನಾಗುತ್ತದೆಂದು ನಾನು ನೋಡಿದವಳಲ್ಲ. ನಮ್ಮ ಮನೆಯ ಹೆಂಗಸರು ಗೂಡಿನ ಹಿಂದೆ ಹೋಗುತ್ತಿರಲಿಲ್ಲ. ಗೂಡು ಬಿಡಿಸುವುದಕ್ಕೆ ಅದನ್ನು ಬೇಯಿಸಬೇಕು, ಬೇಯಿಸಲು ಹಬೆ ಬೇಕು ಎಂಬುದು ನನ್ನ ತಲೆಗೆ ಹೊಳೆದಿರಲೇ ಇಲ್ಲ.

ಹಾಗೆ ಮೂರನೆಯ ಭಾನುವಾರ ಶಿಡ್ಲಘಟ್ಟಕ್ಕೆ ಹೋದೆ. ಒಂದು ಓಣಿ ತಿರುಗುತ್ತಲೇ ಬೆಂದ ಹುಳದ ವಾಸನೆ ಮೂಗಿಗೆ ಅಡರಿತು. ಮನೆಮನೆಯಿಂದ ರಾಟೆಗಳ ಸದ್ದು. ಕೇಳಿ ಕೇಳಿ ಕೊನೆಗೆ ಒಂದು ಸಣ್ಣ ಲೇತ್ ಅಂಗಡಿಯ ಮುಂದೆ ನಿಂತೆ. ಒಳಗೆ ಒಬ್ಬರೇ ಇದ್ದರು. ಬಿಳಿ ಗಡ್ಡ, ತಲೆಗೆ ಟೋಪಿ, ಕಿವಿಗೆ ದಾರದಿಂದ ಕಟ್ಟಿದ ಕನ್ನಡಕ. ಯಂತ್ರ ನಿಲ್ಲಿಸಿ, ಕೈ ಒರೆಸಿಕೊಂಡು ಕಾಕನ್ನು ತೆಗೆದುಕೊಂಡರು. ಹಿಡಿಯ ಜೊತೆ ತಿರುಗುವ ಒಳಗಿನ ಬಿರಡೆಯನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ಹೊರಗೆ ತೆಗೆದು ಬೆಳಕಿಗೆ ಹಿಡಿದರು.

"ಇದಕ್ಕೇನೂ ಆಗಿಲ್ವಲ್ಲ ಅಮ್ಮ?"

"ಇದು ಮಾದರಿಗೆ ಸಾಹೇಬ್ರೆ. ಕೆಟ್ಟಿರೋದು ಅನ್ನದ ಹಂಡೇದು. ಅದನ್ನ ಬಿಚ್ಚಿದ್ರೆ ಮಕ್ಕಳಿಗೆ ಊಟ ಇಲ್ಲ, ಅದಕ್ಕೇ ತರಲಿಲ್ಲ."

"ಅನ್ನದ ಹಂಡೆ?" ಅವರು ಕನ್ನಡಕದ ಮೇಲಿನಿಂದ ನೋಡಿದರು. "ಎಷ್ಟು ಜನಕ್ಕೆ?"

"ಮುನ್ನೂರು."

"ನಲವತ್ತು ವರ್ಷದಿಂದ ಮಾಡ್ತಿದೀನಿ ಇದನ್ನ. ಎಲ್ಲಾ ಹುಳ ಬೇಯಿಸೋಕೆ. ಅನ್ನ ಬೇಯಿಸೋಕೆ ಅಂತ ಯಾರೂ ಕೇಳಿಲ್ಲ." ಅಷ್ಟು ಹೇಳಿ ಗಡ್ಡ ಕೆರೆದುಕೊಂಡರು. "ಬಿರಡೆ ಒಂದೇ ಮಾಡಿದ್ರೆ ಅಲ್ಲಿ ಕೂರಲ್ಲ. ಪೂರ್ತಿ ಮಾಡಿಕೊಡ್ತೀನಿ. ನಾಲ್ಕು ಗಂಟೆಗೆ ಬನ್ನಿ."

ಆಗ ಹನ್ನೊಂದೂವರೆ. ನಾಲ್ಕರವರೆಗೆ ಎಲ್ಲಿರಲಿ? ಜಂಗಮಕೋಟೆಯ ಬಸ್ಸು ಹೊರಟು ನಿಂತಿತ್ತು, ಹತ್ತಿದೆ. ಅಣ್ಣನ ಮನೆಗೆ ಹೋಗಿ ವರ್ಷದ ಮೇಲಾಗಿತ್ತು. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಇತ್ತು. ಅತ್ತಿಗೆ ಸೊಪ್ಪು ಹೊತ್ತು ಹುಳದ ಮನೆಯ ಕಡೆ ಹೊರಟಿದ್ದವರು ನನ್ನನ್ನು ಕಂಡು ನಿಂತರು.

"ಬಾಮ್ಮ. ಏನು ಹೇಳದೆ ಕೇಳದೆ? ಎಷ್ಟೊತ್ತಿಗೆ ನಿನ್ ಬಸ್ಸು?"

ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅಡುಗೆ ಎಷ್ಟಕ್ಕೆ ಮಾಡಬೇಕೆಂದು ತಿಳಿಯಲು ಕೇಳಿರಬಹುದು. ಮೂರು ಗಂಟೆಗೆ ಎಂದೆ. ಹುಳ ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವುದು, ಮುಗಿಸಿ ಎದ್ದಿದ್ದವು. ಆ ಹೊತ್ತಿನಲ್ಲಿ ಹುಳ ಎಷ್ಟು ಸೊಪ್ಪು ಹಾಕಿದರೂ ತಿನ್ನುತ್ತವೆ, ಮನೆಯವರಿಗೆ ಉಸಿರು ಬಿಡಲು ಪುರುಸೊತ್ತು ಇರುವುದಿಲ್ಲ. ನಾನೂ ಚಿಕ್ಕಂದಿನಲ್ಲಿ ತಟ್ಟೆಗೆ ಸೊಪ್ಪು ಹಾಕಿದವಳೇ. ಸೆರಗು ಸಿಕ್ಕಿಸಿಕೊಂಡು ಒಂದು ಹೊರೆ ಎತ್ತಿಕೊಂಡು ಅವರ ಹಿಂದೆ ಹೊರಟೆ. ಬಾಗಿಲಲ್ಲಿ ಬ್ಲೀಚಿಂಗ್ ಪುಡಿ ಚೆಲ್ಲಿತ್ತು. ಅತ್ತಿಗೆ ತಿರುಗಿ ಕೈ ಅಡ್ಡ ಹಿಡಿದರು.

"ನೀನು ಬೇಡಮ್ಮ. ಹೊರಗಿನೋರು ಬಂದ್ರೆ ಹುಳಕ್ಕೆ ರೋಗ ತಗಲ್ತದೆ ಅಂತಾರೆ. ಊರೂರು ತಿರುಗಿ ಬಂದಿದೀಯ ಬೇರೆ. ಸೊಪ್ಪು ಅಲ್ಲೇ ಇಡು."

ಇಟ್ಟೆ. ಅವರು ಹೇಳಿದ್ದು ಸರಿಯೇ. ಬಸ್ಸು ಹತ್ತಿ ಬಂದವರನ್ನು ಹುಳದ ಮನೆಗೆ ಬಿಡಬಾರದೆಂದು ನಮ್ಮಮ್ಮನೇ ಎಷ್ಟು ಜನರನ್ನು ತಡೆದಿದ್ದಳು. ಒಳಗಿನಿಂದ ಸಣ್ಣ ಮಳೆ ಹನಿದಂಥ ಸದ್ದು ಬರುತ್ತಿತ್ತು, ಸಾವಿರಾರು ಹುಳಗಳು ಸೊಪ್ಪು ತಿನ್ನುವ ಸದ್ದು. ನಾನು ಆ ಸದ್ದಿನಲ್ಲೇ ಮಲಗಿ ಎದ್ದು ದೊಡ್ಡವಳಾದವಳು. ಅಂದು ಗೋಡೆಯ ಹೊರಗೆ ನಿಂತು ಕೇಳಿದೆ. ಅಣ್ಣ ತೋಟದಿಂದ ಬಂದು, ಊಟ ಮಾಡಿ, "ಹಾಸ್ಟೆಲ್ಲು ಹೆಂಗೈತೆ?" ಎಂದು ಕೇಳಿ, ಉತ್ತರ ಮುಗಿಯುವ ಮೊದಲೇ ಮತ್ತೆ ಸೊಪ್ಪು ಕೊಯ್ಯಲು ಎದ್ದ. ಮೂರು ಗಂಟೆಯ ಬಸ್ಸಿಗೆ ನಾನು ಎರಡೂವರೆಗೇ ಹೋಗಿ ನಿಂತೆ.

ಶಿಡ್ಲಘಟ್ಟದಲ್ಲಿ ಕಾಕ್ ಸಿದ್ಧವಾಗಿತ್ತು. ಸಾಹೇಬರು ಅದಕ್ಕೆ ಮರಳಿನಂಥ ಮಸಿ ಹಚ್ಚಿ ಬಿರಡೆಯನ್ನು ಅತ್ತ ಇತ್ತ ತಿರುಗಿಸಿ ಉಜ್ಜುತ್ತಿದ್ದರು. "ಉಜ್ಜಿದಷ್ಟೂ ಒಂದಕ್ಕೊಂದು ಕೂಡ್ಕೊಳ್ತವೆ. ಇದಕ್ಕೆ ಆತುರ ಆಗಲ್ಲ" ಎಂದರು. ಇನ್ನೂ ಅರ್ಧ ಗಂಟೆ ಒಂದು ಸ್ಟೂಲಿನ ಮೇಲೆ ಕೂತಿದ್ದೆ. ಅವರು ಒಮ್ಮೆಯೂ ಎಷ್ಟೊತ್ತಿಗೆ ನಿಮ್ಮ ಬಸ್ಸು ಎಂದು ಕೇಳಲಿಲ್ಲ.

ಮಾರನೆಯ ದಿನ ಅದನ್ನು ಕೂರಿಸಿದೆವು. ಅನ್ನ ಬೆಂದ ಮೇಲೆ ದೊಡ್ಡಮ್ಮ ಹಿಡಿ ತಿರುಗಿಸಿದರು. ಬುಸ್ಸೆನ್ನುವುದು ಪಟ್ಟನೆ ನಿಂತಿತು. "ಹಾಯ್! ಸತ್ತೋಯ್ತು ನೋಡು" ಎಂದು ಅವರು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದರು. ಅಷ್ಟು ದಿನದ ಸದ್ದು ನಿಂತ ಆ ಗಳಿಗೆ ಅಡುಗೆಮನೆ ಎಷ್ಟು ದೊಡ್ಡದು ಎಂದು ನನಗೆ ಮೊದಲ ಸಲ ಅನ್ನಿಸಿತು.

ಹಳೆಯ ಯಂತ್ರದ ಸ್ವಭಾವವೇ ಹಾಗೆ. ಒಂದು ಕಡೆ ಬಿಗಿ ಮಾಡಿದರೆ ಇನ್ನೊಂದು ಕಡೆ ಸೋರುತ್ತದೆ. ಮುಂದಿನ ಎರಡು ಮೂರು ವರ್ಷದಲ್ಲಿ ಸಾರಿನ ಹಂಡೆಯ ಕಾಕ್ ಹೋಯಿತು, ಬಾಯ್ಲರಿನ ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ ಒಡೆಯಿತು, ಇಡ್ಲಿ ಪೆಟ್ಟಿಗೆಯ ಬಾಗಿಲಿನ ಕೀಲು ಸವೆಯಿತು. ಪ್ರತಿ ಸಲವೂ ನಾನು ಶಿಡ್ಲಘಟ್ಟಕ್ಕೆ ಹೋದೆ. ಗಾಜಿನ ಕೊಳವೆ ಸಾಹೇಬರ ಬಳಿ ಇರಲಿಲ್ಲ, ಮತ್ತೊಂದು ಅಂಗಡಿಗೆ ತಾವೇ ನಡೆದು ಬಂದು ಕೊಡಿಸಿದರು.

ಮುಚ್ಚಿಡುವುದೇನು, ಆ ಭಾನುವಾರಗಳಿಗೆ ನಾನು ಕಾಯತೊಡಗಿದ್ದೆ. ಏನಾದರೂ ಕೆಟ್ಟರೆ ಆಫೀಸಿನವರ ಮುಂದೆ ಗೊಣಗುತ್ತಿದ್ದೆ, ಒಳಗೆ ಹಗುರವಾಗುತ್ತಿತ್ತು. ಇಸ್ತ್ರಿ ಮಾಡಿದ ಸೀರೆ ಉಡುತ್ತಿದ್ದೆ. ಬೇರೆ ಅರ್ಥ ಬೇಡ; ಅವರು ನನ್ನ ಅಪ್ಪನ ವಯಸ್ಸಿನವರು. ಹಾಸ್ಟೆಲಿನಲ್ಲಿ ನನ್ನೊಂದಿಗೆ ಮುನ್ನೂರು ಮಕ್ಕಳು ಮಾತಾಡುತ್ತಿದ್ದರು: ಉಪ್ಪು ಜಾಸ್ತಿ, ಚಪಾತಿ ಗಟ್ಟಿ, ನಾಳೆ ಏನು. ಆ ಮಾತು ಯಾವುದೂ ನನ್ನ ಕುರಿತದ್ದಲ್ಲ. ಸಾಹೇಬರೂ ನನ್ನ ಕುರಿತು ಏನನ್ನೂ ಕೇಳುತ್ತಿರಲಿಲ್ಲ. ಆದರೆ ನಾನು ತಂದದ್ದನ್ನು ಅವರು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬಹಳ ಹೊತ್ತು ನೋಡುತ್ತಿದ್ದರು. ಅಷ್ಟು ಹೊತ್ತು ನಾನು ಅಲ್ಲಿ ಕೂತಿರಬಹುದಿತ್ತು.

ಒಂದು ಸಲ ಅವರಿಗೆಂದು ಡಬ್ಬಿಯಲ್ಲಿ ಇಡ್ಲಿ, ಚಟ್ನಿ ತೆಗೆದುಕೊಂಡು ಹೋದೆ. "ನೀವು ಮಾಡಿದ ಕೀಲಿನ ಪೆಟ್ಟಿಗೇಲಿ ಬೆಂದಿದ್ದು ಸಾಹೇಬ್ರೆ." ಅವರು ಕೈ ತೊಳೆದು ಬಂದು ಎರಡು ಇಡ್ಲಿ ತಿಂದರು. "ಮೆತ್ತಗಿದೆ, ಚೆನ್ನಾಗಿದೆ" ಎಂದು ಡಬ್ಬಿಯನ್ನು ತಾವೇ ತೊಳೆದು ಕೊಟ್ಟು ಲೇತಿನ ಕಡೆ ತಿರುಗಿದರು. ಬೆಳಿಗ್ಗೆ ಬಸ್ಸಿನಲ್ಲಿ ಏನೇನು ಮಾತಾಡಬೇಕೆಂದು ಯೋಚಿಸಿಕೊಂಡು ಹೋಗಿದ್ದೆನೋ ಅದೆಲ್ಲ ಹಾಗೇ ಉಳಿಯಿತು. ಖಾಲಿ ಡಬ್ಬಿ ತೊಡೆಯ ಮೇಲೆ ಇಟ್ಟುಕೊಂಡು ವಾಪಸು ಬಂದೆ. ನನ್ನ ಮೇಲೆ ನನಗೇ ಸಿಟ್ಟು ಬಂದಿತ್ತು.

ಎರಡು ಸಾವಿರದ ಏಳರ ಹೊತ್ತಿಗೆ ಆಡಳಿತದವರು ಹೊಸ ಅಡುಗೆಮನೆ ಕಟ್ಟಿಸಿದರು. ಗ್ಯಾಸಿನಿಂದ ಉರಿಯುವ, ಹೊಳೆಯುವ ಸ್ಟೀಲಿನ ಬಾಯ್ಲರ್ ಬಂತು. ಅದಕ್ಕೆ ಸರ್ವಿಸ್ ಕರಾರು. ಏನಾದರೂ ಆದರೆ ಫೋನು ಮಾಡಿದರೆ ಸಾಕು, ಟೀಶರ್ಟು ಹಾಕಿದ ಹುಡುಗರು ಮೋಟರ್‌ಬೈಕಿನಲ್ಲಿ ಬಂದು ಭಾಗ ಬದಲಿಸಿ ನನ್ನಿಂದ ಒಂದು ಸಹಿ ಹಾಕಿಸಿಕೊಂಡು ಹೋಗುತ್ತಿದ್ದರು. ಒಳ್ಳೆಯದೇ ಆಯಿತು. ಹೊಗೆ ಇಲ್ಲ, ಬೊಬ್ಬೆ ಇಲ್ಲ. ಇನ್ನು ಅಷ್ಟು ಜನ ಬೇಡವೆಂದು, ವಯಸ್ಸಿನ ನೆಪ ಹೇಳಿ ದೊಡ್ಡಮ್ಮನನ್ನೂ ಕೆಲಸದಿಂದ ಬಿಡಿಸಿದರು. ಹಳೆಯ ಬಾಯ್ಲರನ್ನು ಗುಜರಿಯವರು ಒಯ್ಯುವ ಹಿಂದಿನ ದಿನ ನಾನು ಅನ್ನದ ಹಂಡೆಯ ಕಾಕನ್ನು ಬಿಚ್ಚಿಸಿ ಇಟ್ಟುಕೊಂಡೆ. ಯಾಕೆಂದು ಯಾರೂ ಕೇಳಲಿಲ್ಲ.

ನಾಲ್ಕೈದು ಭಾನುವಾರ ಕೋಣೆಯಲ್ಲೇ ಇದ್ದೆ. ಆರನೆಯದಕ್ಕೆ ಆ ಕಾಕನ್ನು ಚೀಲಕ್ಕೆ ಹಾಕಿಕೊಂಡು ಶಿಡ್ಲಘಟ್ಟದ ಬಸ್ಸು ಹತ್ತಿದೆ. ಸಾಹೇಬರು ಸ್ವಲ್ಪ ಬಗ್ಗಿದ್ದರು. ಅಂಗಡಿಯಲ್ಲಿ ಕೆಲಸ ಹೆಚ್ಚಿದ್ದಂತೆ ಕಾಣಲಿಲ್ಲ.

"ಸೋರ್ತಾ ಇದೆಯಾ?" ಎಂದರು.

"ಹೂಂ. ಸ್ವಲ್ಪ."

ಅವರು ಬಿರಡೆ ಹೊರಗೆ ತೆಗೆದರು. ಬೆರಳಿನಿಂದ ಸವರಿದರು. ಬೆಳಕಿಗೆ ಹಿಡಿದರು. ಅದರ ಮೇಲೆ ಒಂದು ಗೀರೂ ಇರಲಿಲ್ಲ. ಸುಳ್ಳು ಹೇಳಿ ಸಿಕ್ಕಿಬಿದ್ದ ಮಗುವಿನ ಹಾಗೆ ಸೀರೆಯ ಅಂಚು ನೋಡುತ್ತ ಕೂತೆ.

"ಒಣಗಿದೆ," ಎಂದರು ಸಾಹೇಬರು. "ಬಹಳ ದಿನ ಆಯ್ತು ಅನ್ಸುತ್ತೆ ಹಬೆ ಕಂಡು."

"ಹೊಸ ಬಾಯ್ಲರ್ ಬಂದಿದೆ ಸಾಹೇಬ್ರೆ. ಹಳೇದು ಗುಜರಿಗೆ ಹೋಯ್ತು."

ಮತ್ತೆ ಇದನ್ನೇಕೆ ತಂದಿರಿ ಎಂದು ಅವರು ಕೇಳಬಹುದಿತ್ತು. ಬದಲಿಗೆ ಮಸಿಯ ಡಬ್ಬಿ ತೆಗೆದು, ಬಿರಡೆಗೆ ಹಚ್ಚಿ, ಬೇಕಿಲ್ಲದಿದ್ದರೂ ಉಜ್ಜತೊಡಗಿದರು. ಎದುರಿನ ಹೋಟೆಲಿಗೆ ಎರಡು ಟೀ ಎಂದು ಕೂಗಿ ಹೇಳಿದರು. ಉಜ್ಜುತ್ತಲೇ, ತಲೆ ಎತ್ತದೆ ಕೇಳಿದರು, "ಮನೇಲಿ ಯಾರ್ಯಾರಿದ್ದಾರೆ ಅಮ್ಮ?"

ಅಷ್ಟು ವರ್ಷದಲ್ಲಿ ಅದೇ ಮೊದಲು. ಅಣ್ಣ ಇದ್ದಾನೆ, ಅತ್ತಿಗೆ ಇದ್ದಾರೆ ಎಂದು ಹೇಳಲು ಬಾಯಿ ತೆರೆದೆ. ಬಂದದ್ದು ಬೇರೆ ಮಾತು. "ಯಾರೂ ಇಲ್ಲ ಸಾಹೇಬ್ರೆ. ನಾನೊಬ್ಬಳೇ."

ಅದನ್ನು ಗಟ್ಟಿಯಾಗಿ ಯಾರ ಮುಂದೆಯೂ ಹೇಳಿರಲಿಲ್ಲ, ನನಗೆ ನಾನೂ ಹೇಳಿಕೊಂಡಿರಲಿಲ್ಲ.

"ಹೂಂ," ಎಂದರು ಅವರು. ಕೈ ತಿರುಗುತ್ತಲೇ ಇತ್ತು. "ಕೆಲಸ ಇರೋ ದಿನ ಗೊತ್ತಾಗಲ್ಲ ಅಮ್ಮ. ಇಲ್ಲದ ದಿನ ಕಷ್ಟ. ನನ್ನ ಹೆಂಗಸು ಹೋಗಿ ಎಂಟು ವರ್ಷ. ಶುಕ್ರವಾರ ಅಂಗಡಿ ಮುಚ್ಚಿದ್ರೆ ಸಂಜೆ ಆಗೋದೇ ಇಲ್ಲ."

ಟೀ ಬಂತು. ಕುಡಿದೆವು. ಹೊರಡುವಾಗ ಕಾಕನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಬಸ್ಸಿನ ಕಿಟಕಿಯ ಪಕ್ಕ ಕೂತು ಅತ್ತೆ. ಅಳುವಂಥ ದುಃಖವೇನೂ ಅಂದು ಆಗಿರಲಿಲ್ಲ, ಆದರೂ ಅತ್ತೆ. ಆಮೇಲೆ ನಾನು ಆ ಅಂಗಡಿಗೆ ಹೋಗಲಿಲ್ಲ. ಹೋಗಲು ಕಾರಣ ಬೇಕಿತ್ತು, ಇನ್ನೊಂದು ಸುಳ್ಳು ಹೇಳುವ ಮನಸ್ಸಿರಲಿಲ್ಲ.

ಆ ವರ್ಷವೇ ಉಗ್ರಾಣದ ಪಕ್ಕದ ಕೋಣೆ ಬಿಟ್ಟು ಊರೊಳಗೆ ಎರಡು ಕೋಣೆಯ ಬಾಡಿಗೆ ಮನೆ ಮಾಡಿದೆ. ನನ್ನದೇ ಬಾಗಿಲು, ನನ್ನದೇ ಬೀಗ. ಅವರೆಕಾಯಿಯ ಕಾಲ ಬಂದಾಗ ಒಂದು ಭಾನುವಾರ ಕಳವಾರಕ್ಕೆ ಹೋದೆ, ದೊಡ್ಡಮ್ಮನನ್ನು ನೋಡಲು. ಬೆಟ್ಟದ ಬುಡದ ಅವರ ಮನೆಯ ಜಗಲಿಯಲ್ಲಿ ಕಾಯಿಯ ರಾಶಿ ಹಾಕಿಕೊಂಡು ಸುಲಿಯುತ್ತಿದ್ದರು. ನನ್ನನ್ನು ಕಂಡವರೇ ಗಾಬರಿಯಾಗಿ ಎದ್ದರು.

"ಏನಮ್ಮ, ಏನಾಯ್ತು? ಏನ್ ಕೆಟ್ಟೋಯ್ತು?"

"ಏನೂ ಕೆಟ್ಟಿಲ್ಲ ದೊಡ್ಡಮ್ಮ. ಸುಮ್ನೆ ಬಂದೆ."

ಅವರು ನಂಬದವರಂತೆ ನನ್ನ ಮುಖ ನೋಡಿದರು. ಆಮೇಲೆ ಒಂದು ಮೊರ ನನ್ನ ಮುಂದೆ ತಳ್ಳಿ, "ಸರಿ, ಕೂತ್ಕೊ. ಹುಳುಕು ಇದ್ರೆ ಬೇರೆ ಹಾಕು" ಎಂದರು. ಸ್ವಲ್ಪ ಹೊತ್ತಿಗೆ ಹಸುವಿಗೆ ಹುಲ್ಲು ತರಬೇಕೆಂದು ಎದ್ದು ಹೊಲದ ಕಡೆ ಹೋದರು. ನಾನು ಜಗಲಿಯಲ್ಲಿ ಒಬ್ಬಳೇ ಕೂತು ಐದು ಗಂಟೆಯ ಬಸ್ಸಿನವರೆಗೆ ಕಾಯಿ ಸುಲಿದೆ. ಸೊಗಡಿನ ಅಂಟು ಬೆರಳಿಗೆ ಹಿಡಿದು ಎರಡು ದಿನ ಹೋಗಲಿಲ್ಲ.